ತಾಮ್ರದ ಬೋಗುಣಿ

“ಗುರುಗಳೇ, ನನ್ನ ಗೆಳೆಯನೊಬ್ಬನಿಗೆ ಮೂಲವ್ಯಾಧಿ. ಕೂತರೆ ಮುಳ್ಳಿನ ಮೇಲೆ ಕೂತಂತೆ ಆಗುತ್ತದಂತೆ. ಮನೆಯಲ್ಲೇ ಏನಾದರೂ ಮಾಡಿಕೊಳ್ಳಬಹುದೇ?” ಎಂದು ಶಿಷ್ಯ ಗುರುಶಾಂತ ಕೇಳಿದ. ಉಳಿದ ಶಿಷ್ಯರೆಲ್ಲ ಕೂತಿದ್ದರು, ಅವನೊಬ್ಬ ನಿಂತಿದ್ದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಗುರುಗಳು ಎಂದಿನಂತೆ ಮಠದ ಕಂಬಕ್ಕೆ ಒರಗಿ ನಿಂತು ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ನೇಕಾರನಿದ್ದ. ಮಗ್ಗದ ಮುಂದೆ ಕೂತರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಹೆಂಡತಿ ಅವನಿಗೆ ತದ್ವಿರುದ್ಧ. ನೂಲು ಸುತ್ತುವುದೂ ನಿಂತೇ, ಉಣ್ಣುವುದೂ ನಿಂತೇ. “ಕೂತು ಉಣ್ಣೇ” ಎಂದರೆ “ನಾನು ಕೂತರೆ ಬಡಿಸುವವರು ಯಾರು?” ಎನ್ನುತ್ತಿದ್ದಳು.

ಒಂದು ದಿನ ನೇಕಾರನಿಗೆ ಕೂರುವ ಜಾಗದಲ್ಲೇ ಬೆಂಕಿ ಬಿತ್ತು. ಬಲಕ್ಕೆ ವಾಲಿ ನೇಯ್ದ, ಎಡಕ್ಕೆ ವಾಲಿ ನೇಯ್ದ. ಬಟ್ಟೆಯೂ ಅವನಂತೆಯೇ ಸೊಟ್ಟಗಾಯಿತು. ಹೀಗೇ ಆದರೆ ಮಗ್ಗ ಬಿಡಬೇಕು. ಮಗ್ಗ ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬಾರದು. ಮದ್ದು ಕೊಡುವ ಪಂಡಿತನ ಬಳಿ ಹೋಗಿ, “ನಮ್ಮ ಪಕ್ಕದ ಮನೆಯವನಿಗೆ...” ಎಂದು ಬಾಯಿ ತೆರೆದ.

ಪಂಡಿತ ನಗಲಿಲ್ಲ. “ಪಕ್ಕದ ಮನೆಯವನನ್ನು ದಿನಾ ಬೆಚ್ಚನೆಯ ನೀರಿನಲ್ಲಿ ಕೂರಿಸು. ಸೊಪ್ಪು ತಿನ್ನಲಿ, ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಲಿ, ತಿಣುಕದಿರಲಿ. ಆಗಾಗ ಮಗ್ಗದಿಂದ ಏಳಲಿ. ರಕ್ತ ಕಂಡರೆ ತಾನೇ ಬಂದು ತೋರಿಸಲಿ. ಮನೆಯವರಿಗೂ ಹೇಳಲಿ” ಎಂದ.

ನೇಕಾರ ಎಲ್ಲವನ್ನೂ ಮಾಡಿದ, ಕೊನೆಯದೊಂದನ್ನು ಬಿಟ್ಟು.

ಮಧ್ಯಾಹ್ನ ಹೆಂಡತಿ ನೂಲು ತೊಳೆಯಲು ಹೊಳೆಗೆ ಹೋಗುತ್ತಿದ್ದಳು. ಹಿತ್ತಿಲ ಬಾಗಿಲು ಕಿರ್ರೆಂದ ಮೇಲೆ ಅವನು ಬಚ್ಚಲಿಗೆ ನುಗ್ಗುತ್ತಿದ್ದ. ಅಲ್ಲಿ ಸೌದೆಯ ಹಿಂದೆ ಸತ್ತ ತಾಯಿಯ ತಾಮ್ರದ ಬೋಗುಣಿ ಇತ್ತು, ಅಗಲ ಬಾಯಿಯದು. ತಾಯಿ ತೀರಿಕೊಂಡ ಮೇಲೆ ಅದನ್ನು ಯಾರೂ ಮುಟ್ಟಿಲ್ಲವೆಂದೇ ಅವನು ತಿಳಿದಿದ್ದ.

ಮೊದಲ ದಿನ ನೋಡಿದರೆ ಬೋಗುಣಿಗೆ ದೂಳಿರಲಿಲ್ಲ. ಮೂರನೆಯ ದಿನ ಅದು ಒದ್ದೆಯಾಗಿತ್ತು. ಐದನೆಯ ದಿನ, ಅವನು ಒಲೆ ಹಚ್ಚುವ ಮೊದಲೇ ಹಂಡೆಯ ನೀರು ಬೆಚ್ಚಗಿತ್ತು. ಹೆಂಡತಿಯ ಸ್ನಾನ ಕೋಳಿ ಕೂಗುವ ಮುಂಚೆಯೇ ಮುಗಿಯುತ್ತಿತ್ತು. ಹಾಗಾದರೆ ಕಾಯಿಸಿದವರು ಯಾರು? ಸತ್ತ ಅವ್ವನ ನೆನಪಾಗಿ ಅವನ ಮೈ ಜುಮ್ಮೆಂದಿತು. ಆದರೂ ಕೂತ. ಭಯ ಮೇಲಿತ್ತು, ನೋವು ಕೆಳಗಿತ್ತು, ಕೆಳಗಿನದೇ ಗೆದ್ದಿತು.

ಏಳನೆಯ ದಿನ ಬೋಗುಣಿಯಲ್ಲಿ ಯಾರೋ ಚೆಲ್ಲಲು ಮರೆತ ನೀರು ಇತ್ತು. ಅದರಲ್ಲೊಂದು ಕೆಂಪು ಎಳೆ ತೇಲುತ್ತಿತ್ತು. ನೂಲೆಂದುಕೊಂಡು ಎತ್ತಲು ಹೋದ. ಎಳೆ ಬೆರಳಿಗೆ ಸಿಗದೆ ನೀರಿನಲ್ಲಿ ಕರಗಿಹೋಯಿತು. ಅವನಿಗೆ ಒಂದು ದಿನವೂ ರಕ್ತ ಬಂದಿರಲಿಲ್ಲ.

ಮರುದಿನ ನೋವು ತಾಳಲಾರದೆ ಹೊತ್ತಿಗೆ ಮುಂಚೆಯೇ ಮಗ್ಗದಿಂದ ಎದ್ದ. ಬಚ್ಚಲ ಬಾಗಿಲಿಗೆ ಕೈಯಿಟ್ಟವನು ಹಾಗೇ ನಿಂತ. ಒಳಗೆ ಯಾರೋ ನರಳುತ್ತಿದ್ದರು. ಮೊದಲು “ಉಸ್”, ಆಮೇಲೆ ಸಣ್ಣಗೆ “ಅಯ್ಯೋ ಶಿವನೇ”. ಅದು ಅವನದೇ ನರಳಿಕೆ. ನೀರಿಗೆ ಇಳಿಯುವಾಗ ದಿನಾ ಅವನು ನರಳುತ್ತಿದ್ದುದು ಹಾಗೆಯೇ. ತಾನು ಹೊರಗಿದ್ದೇನೋ ಒಳಗಿದ್ದೇನೋ ಅವನಿಗೆ ತಿಳಿಯದಾಯಿತು. ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಬಾಗಿಲು ತಳ್ಳಿದ.

ಬೋಗುಣಿಯಲ್ಲಿ ಹೆಂಡತಿ ಕೂತಿದ್ದಳು.

“ಎಂದಿನಿಂದ?”

“ಮಗಳು ಹುಟ್ಟಿದಂದಿನಿಂದ.”

ಆ ಮಗಳಿಗೇ ಈಗ ಒಂದು ಮಗುವಿತ್ತು.

“ನನಗೊಂದು ಮಾತು ಹೇಳಬಾರದಿತ್ತೇನೇ?”

“ನೀವು ಹೇಳಿದ್ರಾ? ಸುಮ್ನಿರಿ. ಈ ಬೋಗುಣಿ ತೋರಿಸಿಕೊಟ್ಟವರೇ ನಿಮ್ಮವ್ವ. ಮಗನಿಗೆ ಗೊತ್ತಾಗಬಾರದು ಅಂತ ನನ್ನಿಂದ ಆಣೆ ಮಾಡಿಸಿಕೊಂಡೇ ಕಣ್ಣು ಮುಚ್ಚಿದರು.”

ತಾಯಿ ಊಟಕ್ಕೆ ಕೂತದ್ದನ್ನು ನೆನೆಸಿಕೊಳ್ಳಲು ನೇಕಾರ ಯತ್ನಿಸಿದ. ಎಷ್ಟು ನೆನೆಸಿದರೂ ಕಣ್ಣಿಗೆ ಬಂದದ್ದು ತಟ್ಟೆ ಹಿಡಿದು ಗೋಡೆಗೊರಗಿ ನಿಂತ ಮುದುಕಿಯೇ.

ಅಂದಿನಿಂದ ಒಲೆ ಹಚ್ಚುವ ಕೆಲಸ ಅವನದಾಯಿತು. ಸಂಜೆ ಹೆಂಡತಿಯನ್ನು ಪಂಡಿತನ ಬಳಿಗೆ ಕರೆದೊಯ್ದ. ಪಕ್ಕದ ಮನೆಯವಳು ಎನ್ನಲಿಲ್ಲ. ತಿಂಗಳು ತುಂಬುವಷ್ಟರಲ್ಲಿ ಬಟ್ಟೆ ನೆಟ್ಟಗಾಯಿತು, ಊಟಕ್ಕೆ ಎರಡು ಮಣೆ ಬಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಕಿಸಕ್ಕೆಂದವನ ಕಣ್ಣು ಮೆಲ್ಲಗೆ ಗುರುಪೀಠದ ಕಡೆ ಹೊರಳಿತು. ಅದರ ಮೇಲೆ ಹಾಸಿದ ಬಟ್ಟೆಗೆ ಒಂದು ಸುಕ್ಕೂ ಇರಲಿಲ್ಲ. ಅಲ್ಲಿ ಕೂತಿದ್ದದ್ದು ದೂಳು ಮಾತ್ರ. ಮೂರು ವರ್ಷದಿಂದ ಮಠದಲ್ಲಿದ್ದ ಆ ಶಿಷ್ಯರಲ್ಲಿ ಯಾರೂ ಅದರ ಮೇಲೆ ಗುರುಗಳು ಕೂತದ್ದನ್ನು ಕಂಡಿರಲಿಲ್ಲ.

“ಗುರುಶಾಂತ, ಬಚ್ಚಲಲ್ಲಿ ನೀರು ಕಾದಿದೆ, ಮೊದಲು ನಿನ್ನ ಗೆಳೆಯ ಹೋಗಿ ಬರಲಿ, ಆಮೇಲೆ ನಾನು ಹೋಗುತ್ತೇನೆ.”