ತಿಗರಿ ತಳ್ಳಿದ್ದು ಯಾರು?

ಒಂದಾನೊಂದು ಕಾಲದಲ್ಲಿ, ನನ್ನ ಬಾಯಿ ತುಂಬ ಹಲ್ಲಿದ್ದ ಕಾಲಕ್ಕೂ ಹಿಂದೆ ಕಣೋ ಪುಟ್ಟ, ಒಬ್ಬ ರಾಜ ಇದ್ದನಂತೆ. ತಳ್ಳೋರಿಲ್ಲದೆ ಲೋಕದಲ್ಲಿ ಏನೂ ಅಲ್ಲಾಡಲ್ಲ ಅನ್ನೋದು ಅವನ ಹಟವಂತೆ. ಬಂಡಿ ತಳ್ಳೋಕೆ ಹತ್ತು ಜನ, ತೊಟ್ಟಿಲಿಗೆ ಇಬ್ಬರು, ಹೊಳೆ ನೀರನ್ನೂ ನಾಲ್ಕು ಜನ ಸೊಂಟದ ಮಟ್ಟ ನಿಂತು ತಳ್ಳುತಿದ್ದರಂತೆ. ನಗಬೇಡ, ಅದರಲ್ಲೊಬ್ಬ ನಮ್ಮ ವಂಶದೋನೇ, ಅವನಿಗೆ ಜ್ವರ ಬಂದ ದಿನ ಹೊಳೆ ಊರಿಗೆ ತಡವಾಗಿ ಬಂತಂತೆ.

ಆ ಊರಲ್ಲಿ ಕುಂಬಾರ ಮುದ್ದಯ್ಯ, ಅವನಿಗೆ ಇಬ್ಬರು ಗಂಡುಮಕ್ಕಳು, ಕೊನೇದು ಕೆಂಚಿ ಅಂತ ಮಗಳು. ಒಂದಿನ ಮುದ್ದಯ್ಯ ಕೋಲಿಂದ ತಿಗರಿ ತಿರುಗಿಸಿ, ಕೋಲು ಪಕ್ಕಕ್ಕಿಟ್ಟು, ಎರಡೂ ಕೈಲಿ ಮಡಕೆ ಎತ್ತೋದನ್ನ ಕಾವಲಿನೋನು ಕಂಡನಂತೆ. ತಳ್ಳೋರಿಲ್ಲ, ಚಕ್ರ ತಿರುಗ್ತಾನೇ ಇದೆ. ಆಮೇಲೆ ಇನ್ನೇನು, ದೆವ್ವ ಸಾಕಿದಾನೆ ಅಂತ ಹೆಡೆಮುರಿ ಕಟ್ಟಿದರಂತೆ. ಮೂರು ಮಕ್ಕಳೂ ಒಂದೊಂದು ಸಲ ಹೇಳಲಿ, ತಳ್ಳಿದ್ದು ಯಾರು ಅಂತ, ತಪ್ಪಿದರೆ ಹೊತ್ತು ಮುಳುಗೋದ್ರೊಳಗೆ ಅಪ್ಪನ್ನ ಗುಡ್ಡದಿಂದ ಉರುಳಿಸಿ ಅಂದನಂತೆ ರಾಜ. ಕೆಂಚಿ ಹೊತ್ತು ನೋಡಿದಳಂತೆ. ಆಗಲೇ ಇಳಿಮುಖ.

ದೊಡ್ಡೋನು, ಗಾಳಿ ಹಿಂದಿಂದ ತಳ್ತದೆ ಅಂದನಂತೆ. ಕಿಟಕಿಯಿಲ್ಲದ ಕೋಣೇಲಿ ತಿರುಗಿಸಿದರೂ ತಿಗರಿ ನಿಲ್ಲಲಿಲ್ಲವಂತೆ. ಒಂದು ಹೋಯ್ತು.

ನಡುವಿನೋನು, ಅಪ್ಪನ ಕೈಕಸುವು ತಿಗರಿಯೊಳಗೆ ತುಂಬಿಕೊಂಡು ತೂತುಬಿದ್ದ ಕೊಡದ ನೀರಿನಂಗೆ ಸೋರ್ತದೆ, ಸೋರಿ ಮುಗಿದಾಗ ನಿಲ್ತದೆ ಅಂದನಂತೆ. ರಾಜ ತಲೆ ಆಡಿಸಿದ, ಕೆಂಚಿಗೆ ಉಸಿರು ಬಂತು. ಅಷ್ಟರಲ್ಲಿ ಕೊಂಕುಮೂತಿ ಮಂತ್ರಿ, ತಿಗರಿ ಕೂತ ಗೂಟಕ್ಕೆ ಹರಳೆಣ್ಣೆ ಹಾಕಿಸಿ ಅಷ್ಟೇ ಬಲದಲ್ಲಿ ತಿರುಗಿಸಿದನಂತೆ. ಎರಡರಷ್ಟು ಹೊತ್ತು ತಿರುಗಿತು. ಹೆಚ್ಚಿನ ಕಸುವನ್ನ ಎಣ್ಣೆ ತಂದಿತೇನಪ್ಪ ಅಂತ ಕೇಳಿದನಂತೆ. ಎರಡೂ ಹೋಯ್ತು.

ಕೆಂಚಿಗೆ ಆ ಎಣ್ಣೆ ಮೇಲೇ ಕಣ್ಣು. ಎಣ್ಣೆ ಯಾರನ್ನೂ ತಳ್ಳಲ್ಲ, ಉಜ್ಜಿ ತಡೆಯೋದನ್ನ ಸರಿಸ್ತದೆ ಅಷ್ಟೆ. ಕೋಲು ತೆಗೆದಮೇಲೆ ತಳ್ಳೋರೇ ಇಲ್ಲ, ಇರೋರೆಲ್ಲ ತಡೆಯೋರೇ, ತಡೆಯೋವರೆಗೂ ತಿರುಗೋದು ತಿರುಗ್ತಾನೇ ಇರ್ತದೆ ಅಂದಳಂತೆ. ರಾಜ ನಕ್ಕು, ಗುಡ್ಡ ಮುಟ್ಟೋದ್ರೊಳಗೆ ತೋರಿಸು ನೋಡೋಣ ಅಂತ ಬಂಡಿ ಹತ್ತಿದನಂತೆ.

ಮುಂದೆ ಅಪ್ಪ, ಹಿಂದೆ ಬಂಡಿ, ಹತ್ತು ಜನ ಓಡೋಡಿ ತಳ್ತಿದಾರೆ, ಹೊತ್ತು ಕೆಂಪಾಗಿದೆ. ಕುಂಬಾರರು ಜೇಡಿಮಣ್ಣು ತೆಗೆಯೋ ಗುಂಡಿ ಹತ್ರ ಕೆಂಚಿ ನುಗ್ಗಿ, ಗಾಲಿಗಳ ಮುಂದೆ ಒಂದು ತೊಲೆ ಎಳೆದು ಹಾಕಿದಳಂತೆ. ಬಂಡಿ ಗಕ್ಕನೆ ನಿಂತಿತು. ರಾಜ ನಿಲ್ಲಲಿಲ್ಲ. ಕಿರೀಟದ ಸಮೇತ ಹಾರಿ ಗುಂಡಿಗೆ ಬಿದ್ದನಂತೆ. ಕಾವಲಿನೋರ ಕತ್ತಿ ಕೆಂಚಿ ಕುತ್ತಿಗೆಗೆ ಬಂತು.

"ಬುದ್ಧೀ, ಬಂಡಿ ನಿಂತಮೇಲೆ ನಿಮ್ಮನ್ನ ತಳ್ಳಿದ್ದು ಯಾರು?" ಅಂದಳಂತೆ ಕೆಂಚಿ.

ರಾಜ ಹತ್ತು ಜನರನ್ನ ನೋಡಿದನಂತೆ. ಎಲ್ಲಾರ ಕೈಯೂ ಬಂಡಿ ಮೇಲೇ ಇದೆ, ಅವನನ್ನ ಮುಟ್ಟಿದೋರಿಲ್ಲ. ದೆವ್ವ ತಳ್ತು ಅಂದರೆ, ದೆವ್ವ ಸಾಕಿದೋನು ಅಂತ ತನ್ನನ್ನೇ ಗುಡ್ಡದಿಂದ ಉರುಳಿಸಬೇಕು. ಬಾಯಲ್ಲಿದ್ದ ಮಣ್ಣು ಉಗಿದು ಅಂದನಂತೆ,

"ಯಾರೂ ತಳ್ಳಲಿಲ್ಲ ಕಣಮ್ಮ. ತಡೆದದ್ದು ಈ ಜೇಡಿ."

ಆಮೇಲೆ ಮುದ್ದಯ್ಯನ ಕಟ್ಟು ಬಿಚ್ಚಿದರು, ಹೊಳೆ ತಳ್ಳೋರು ಮನೆಗೆ ಹೋಗಿ ಮೈ ಒರೆಸಿಕೊಂಡರು, ರಾಜ ಬಿದ್ದ ಜೇಡೀಲೇ ಅಪ್ಪ ಮಗಳು ಅವನಿಗೊಂದು ಹೂಜಿ ಮಾಡಿಕೊಟ್ಟು ಸುಖವಾಗಿದ್ದರಂತೆ. ಹೂಜಿ ನಾನೇ ನೋಡಿದೀನಿ, ಒಂದು ಕಡೆ ರಾಜನ ಮೂಗಿನ ಅಚ್ಚಿದೆ. ನಿನ್ನ ಕಣ್ಣು ಮುಚ್ಚಿತು, ನನ್ನ ಕತೆ ಮುಗೀತು.