ಪಿಟೀಲಿನವನ ಕೈಗೆ ಪೆನ್ಸಿಲ್

"ಗುರುಗಳೇ, ಈ ಮಠದ ಹೆಮ್ಮೆ ನೀನೇ ಎಂದು ಹೋದ ವಾರ ನನಗೆ ಹೇಳಿದಿರಿ. ನಿನ್ನೆ ಹಾಲಪ್ಪನಿಗೂ ಅದೇ ಮಾತು ಹೇಳಿದಿರಂತೆ. ಯಾರಿಗೆ ಹೇಳಿದ್ದು ಸುಳ್ಳು?" ಎಂದು ಚಿದಾನಂದ ಕೇಳಿದ. ದಿನವೂ ಸಂಜೆಯ ಪ್ರಾರ್ಥನೆಗೆ ಅವನು ಹಾಡುತ್ತಿದ್ದ, ಹಾಲಪ್ಪ ತಬಲಾ ನುಡಿಸುತ್ತಿದ್ದ. ನಿನ್ನೆಯಿಂದ ಇಬ್ಬರೂ ಮಾತು ಬಿಟ್ಟಿದ್ದರು.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ಸಂಯೋಜಕನಿದ್ದ. ದೊಡ್ಡ ವಾದ್ಯವೃಂದಕ್ಕೆ ಸಂಗೀತ ಬರೆಯುವವನು. ಹಾಡನ್ನೆಲ್ಲ ಒಬ್ಬನಿಗೆ ಕೊಟ್ಟು ಉಳಿದವರನ್ನು ಸುಮ್ಮನೆ ಜೊತೆಗೆ ಕೂರಿಸುವುದು ಅವನಿಗೆ ಆಗದ ಮಾತು. ಎಲ್ಲಕ್ಕಿಂತ ಕೆಳಗಿನ ದನಿಯನ್ನು ಮೊದಲು ಬರೆದು, ಅದೊಂದನ್ನೇ ಹಾಡಿಕೊಳ್ಳುತ್ತ ಓಡಾಡುವನು. ಬೇಸರ ಬಂದರೆ ಹರಿದು ಹಾಕುವನು. ಬರಲಿಲ್ಲವೋ, ಅದರ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ ಬರೆದು, ಒಬ್ಬೊಬ್ಬ ವಾದಕನಿಗೂ ಅವನವನ ಪಾಲು ಕೊಡುವಾಗ, "ಈ ಹಾಡು ನಿನ್ನದು" ಎನ್ನುವನು. ಅವರೂ ಎದೆಯುಬ್ಬಿಸಿ ಅಭ್ಯಾಸ ಮಾಡುವರು.

ಕಛೇರಿಯ ಹಿಂದಿನ ದಿನ ಎಲ್ಲರೂ ಒಟ್ಟಿಗೆ ನುಡಿಸಿ ನೋಡಲು ಸೇರಿದರು. ಕಾಫಿ ಕುಡಿಯುವಾಗ ಪಿಟೀಲಿನವನು, ಹಾಡು ತನ್ನದೇ ಎಂದು ಕೊಚ್ಚಿಕೊಂಡ. ನಿಂತು ನುಡಿಸುವ ದೊಡ್ಡ ಪಿಟೀಲಿನವನು, "ಆ ಮಾತು ನನಗಲ್ಲವೇ ಹೇಳಿದ್ದು?" ಎಂದ. ಕೊಳಲಿನವನೂ ಬಾಯಿ ಹಾಕಿದ. ಗುಟ್ಟು ರಟ್ಟಾಯಿತು.

"ಹಾಡು ಯಾರದೆಂದು ಎಲ್ಲರ ಮುಂದೆ ಹೇಳಿ. ಇಲ್ಲದಿದ್ದರೆ ನಾಳೆ ನಾನು ನುಡಿಸುವುದಿಲ್ಲ" ಎಂದು ಪಿಟೀಲಿನವನು ಕಮಾನು ಕೆಳಗಿಟ್ಟ. ಅವನಿಲ್ಲದೆ ಕಛೇರಿ ನಡೆಯುವಂತಿರಲಿಲ್ಲ.

ಸಂಯೋಜಕ ಅಳುಕಲಿಲ್ಲ. ದೊಡ್ಡ ಪಿಟೀಲಿನವನಿಗೆ, "ನೀನೊಬ್ಬನೇ ನುಡಿಸು" ಎಂದ. ಆ ನಿಧಾನದ, ತಗ್ಗಿನ ಸ್ವರಗಳನ್ನು ಅಲ್ಲಿ ಯಾರೂ ಬಿಡಿಯಾಗಿ ಕೇಳಿರಲಿಲ್ಲ. ಅವನು ನುಡಿಸಿ ಮುಗಿಸುವಷ್ಟರಲ್ಲಿ ಪಿಟೀಲಿನವನ ಕಾಫಿ ಆರಿಹೋಗಿತ್ತು. ಆಮೇಲೆ ಕೊಳಲು. ಅದೂ ಪೂರ್ತಿ ಹಾಡೇ.

ಸಂಯೋಜಕ ತಾನು ಬರೆದ ಹಾಳೆಗಳನ್ನೂ ಒಂದು ಪೆನ್ಸಿಲ್ಲನ್ನೂ ಪಿಟೀಲಿನವನ ಕೈಗೆ ಕೊಟ್ಟ. "ಜಾಗ ತುಂಬಿಸಲೆಂದು ನಾನು ಒಂದು ಸ್ವರವನ್ನೂ ಬರೆದಿಲ್ಲ. ಆ ಹೆಮ್ಮೆ ನನಗಿದೆ. ಬೇಡದ್ದು ಯಾವುದೋ ನೀನೇ ಹೊಡೆದುಹಾಕು."

ಪಿಟೀಲಿನವನು ಹಾಳೆಗಳನ್ನು ಬಹಳ ಹೊತ್ತು ನೋಡಿದ. ಪೆನ್ಸಿಲ್ ಹಿಂದಕ್ಕೆ ಕೊಟ್ಟು ಶ್ರುತಿ ಮಾಡಿಕೊಳ್ಳಲು ಕುಳಿತ. ಮರುದಿನ ಒಬ್ಬೊಬ್ಬನೂ ತನ್ನ ಹಾಡನ್ನೇ ನುಡಿಸಿದ. ಸಭೆಗೆ ಕೇಳಿಸಿದ್ದು ಒಂದೇ ಹಾಡು.

ಗುರುಗಳು ಕತೆ ನಿಲ್ಲಿಸಿದರು. ಚಿದಾನಂದನಿಗೆ ಸಮಾಧಾನವಾಗಲಿಲ್ಲ. "ಆದರೂ ನಮ್ಮಿಬ್ಬರಲ್ಲಿ ಹೆಚ್ಚಿನವನು ಯಾರು, ಗುರುಗಳೇ?"

"ನೀನೇ ಕಣಪ್ಪ. ಇವತ್ತಿನ ಪ್ರಾರ್ಥನೆಗೆ ತಬಲಾ ಬೇಡವೆಂದು ಹೋಗಿ ಹಾಲಪ್ಪನಿಗೆ ಹೇಳಿ ಬಾ" ಎಂದರು ಗುರುಗಳು.

ಚಿದಾನಂದ ಕುಳಿತಲ್ಲಿಂದ ಏಳಲಿಲ್ಲ.