ದೂರುಗಲ್ಲಿನ ಯಮನಪ್ಪ

ಗದ್ದಲ ಮಾಡಬ್ಯಾಡ್ರಿ, ಇತ್ಲಾಗ ಕೇಳ್ರಿ. ಭಾಳ ಹಿಂದಕ್ಕ, ನಮ್ಮಜ್ಜನ ಅಜ್ಜಗೂ ನೆನಪಿಲ್ಲದ ಕಾಲದಾಗ, ನೂಲಗುಂದಿ ಅಂತ ಒಂದೂರಿತ್ತು. ಊರ ತುಂಬ ನೇಕಾರರು, ಮನಿಮನಿಗೂ ನೆಲದ ಕುಣಿಯೊಳಗ ಕಾಲು ಇಳಿಬಿಟ್ಟು ನೇಯೂ ಕುಣಿಮಗ್ಗ. ಆ ಊರಾಗ ಯಮನಪ್ಪ ಅಂತ ಒಬ್ಬಾವ ಇದ್ದನಂತ. ತಪ್ಪು ಮಾಡಿದವರ ಮ್ಯಾಲೆ ಊರ ಪರವಾಗಿ ಚಾವಡಿಯೊಳಗ ದೂರು ಹೇಳೂದು ಅವನ ಕೆಲಸ.

ಚಾವಡಿ ಮುಂದ ಒಂದು ಕರೀಕಲ್ಲು. ಅದನ್ನ ಹತ್ತಿ ದೂರು ಹೇಳಬೇಕು. ತಪ್ಪಿನಾಗ ಸಿಕ್ಕಿಬಿದ್ದವರ ಹೆಸರು ಹೇಳದ ಇಳದ್ರ ರುಮಾಲು ಅಲ್ಲೇ ಬಿಡಬೇಕು, ಜೀವ ಇರೂತನಕ ಮತ್ತ ಸುತ್ತಂಗಿಲ್ಲ. ಇನ್ನೊಂದು ಕಟ್ಟಳಿ ಏನಂದ್ರ, ತಮ್ಮ ಮ್ಯಾಲೆ ಒಮ್ಮೆ ದೂರು ಬಿದ್ದವರ ಸಾಕ್ಷಿ ಚಾವಡಿಯೊಳಗ ನಡಿಯೂದಿಲ್ಲ. ಇದನ್ನ ನೆನಪಿಟಕೊಳ್ರಿ.

ಆ ಊರಿಗೆ ಅಫೀಮು ಬಂತು. ಹೆಂಗ ಬಂತು? ಔಷಧ ಅಂತ ಬಂತು! ಬೇರು-ನಾರು ಮಾರೂ ಗಂಧಿಗಿ ಅಂಗಡಿ ಪರ್ವತಪ್ಪ, ಕುಣಿಯೊಳಗ ಕುಂತು ಕುಂತು ನಡಾ ಹಿಡದವರಿಗೆ ನೋವಿನ ಗುಳಿಗಿ ಅಂತ ಕೊಟ್ಟ. ನೋವೇನೋ ಹೋತು, ಗುಳಿಗಿ ಬಿಡಲಿಲ್ಲ. ನೇದ ಸೀರಿ ಒಯ್ದು ಕೊಟ್ಟು ಗುಳಿಗಿ ತಂದ್ರು. ಓಣಿ ಓಣಿಯೊಳಗ ಲಾಳಿ ಸಪ್ಪಳ ನಿಂತುಹೋತಂತ.

ಯಮನಪ್ಪ ಸುಮ್ಮ ಕೂಡೋ ಪೈಕಿ ಅಲ್ಲ. ಗುಳಿಗಿ ತಿಂದವರನ್ನ ಒಬ್ಬೊಬ್ಬರನ್ನೇ ಹಿಡಿಸಿ ತಂದ, ಕಲ್ಲು ಹತ್ತಿದ, ದೂರು ಹೇಳಿದ. ಅವರ ಮಗ್ಗ ಮುರದು, ಅವರನ್ನ ಊರ ಹೊರಗ ಹಾಕಿದ್ರು. ಅಂವ ದೂರು ಹೇಳಿದ್ದೇ ಹೇಳಿದ್ದು, ಅಫೀಮು ಹೆಚ್ಚಾಗಿದ್ದೇ ಹೆಚ್ಚಾಗಿದ್ದು!

ಒಂದಿನ ಹುಲಿಗೆವ್ವನ್ನ ಹಿಡಕೊಂಡು ಬಂದ್ರಂತ. ಗಂಡ ಸತ್ತಾಕಿ, ಬಗಲಾಗ ಹಸುಗೂಸು, ಸೆರಗಿನ ಗಂಟಿನಾಗ ಗುಳಿಗಿ. ತಾನೂ ತಿಂತಿದ್ಳು. ಕೂಸು ಅತ್ರ ಮಗ್ಗ ನಿಲ್ಲತೈತಿ ಅಂತ ಅದರ ತುಟಿಗೂ ಚೂರು ಸವರತಿದ್ಳು. ಆಕಿನ್ನ ಬೈಬ್ಯಾಡ್ರಿ. ಕೂಸಿಗೂ ಛಲೋ ಅಂತ ಹೇಳಿದಾವ ಪರ್ವತಪ್ಪನೇ. ಆವತ್ತು ಆ ಕೂಸು ಎಷ್ಟು ಎಬ್ಬಿಸಿದ್ರೂ ಏಳವಲ್ದು. ಅಯ್ಯ ಶಿವನ, ಅಂಥಾ ಕೂಸನ್ನ ಕಟಗೊಂಡು ಆಕಿ ಊರು ಬಿಟ್ಟು ಎಲ್ಲಿಗೆ ಹೋಗಬೇಕು?

ಯಮನಪ್ಪ ಕಲ್ಲು ಹತ್ತಿದ. ಚಾವಡಿ ಕಟ್ಟಿ ಮ್ಯಾಲೆ ನ್ಯಾಯ ಹೇಳೂ ಹಿರೇರ ನಡುವ ಪರ್ವತಪ್ಪ ಎಲಿ ಮೆಲಕೋತ ಕುಂತಿದ್ದ. ಲಗೂನ ಆಕಿ ಹೆಸರು ಹೇಳು ಅಂತ ಗದರಿದ. ಯಮನಪ್ಪ ಕೂಸಿನ ಮಾರಿ ನೋಡಿದ. ಗುಳಿಗಿ ಯಾರ ಕೈಯಿಂದ ಬರತೈತಿ ಅಂತ ತಿಂದವರಿಗೆಲ್ಲಾ ಗೊತ್ತಿತ್ತು. ಅವರ ಮ್ಯಾಲೆಲ್ಲಾ ದೂರು ಹೇಳಿ ಹೇಳಿ, ಅವರ ಬಾಯಿ ತಾನೇ ಕಟ್ಟಿದ್ನಲ್ಲ! ಈಕಿ ಹೆಸರು ಹೇಳಿದ್ರ ಈಕಿ ಬಾಯೂ ಕಟ್ಟಿದಂಗ.

ರುಮಾಲು ಬಿಚ್ಚಿದ. ಕಲ್ಲಿನ ಮ್ಯಾಲೆ ಇಟ್ಟ. ಇಳದ. ಕೂಡಿದ ಮಂದಿ ಹೌಹಾರಿತಂತ. ಅಂವ ಮಾತ್ರ ಹುಲಿಗೆವ್ವನ ಎದುರಿಗೆ ನೆಲಕ್ಕ ಕುಂತು ಕೇಳಿದ:

"ಇದನ್ನ ನಿನಗ ಕೊಟ್ಟವರು ಯಾರವಾ?"

ಆಕಿ ಕೂಸನ್ನ ಎದಿಗೆ ಅವಚಿಕೊಂಡ್ಳು. ಆಮ್ಯಾಲೆ ಕೈ ಎತ್ತಿ ಕಟ್ಟಿ ಕಡೆ, ಪರ್ವತಪ್ಪನ ಕಡೆ ತೋರಿಸಿದ್ಳು. ಯಮನಪ್ಪ ಬರೀತಲೀಲೆ ಮತ್ತ ಕಲ್ಲು ಹತ್ತಿ ಪರ್ವತಪ್ಪನ ಹೆಸರು ಹೇಳಿದ. ರುಮಾಲು ಕಳಕೊಂಡಾವನ ಮಾತೇನು ಕೇಳತೀರಿ ಅಂತ ಪರ್ವತಪ್ಪ ಎಗರಾಡಿದ. ರುಮಾಲು ಹೋಗೇತಿ, ನಾಲಿಗಿ ಹೋಗಿಲ್ಲ ಅಂದ್ರಂತ ಹಿರೇರು. ಅಂಗಡಿ ಶೋಧಿಸಿದ್ರ ಕಸಕಸಿ ಚೀಲದ ಬುಡಕ ಅಫೀಮಿನ ಗಡ್ಡಿ! ಪರ್ವತಪ್ಪನ್ನ ಆವತ್ತೇ ಊರು ಬಿಡಿಸಿದ್ರು. ಯಮನಪ್ಪ ನಿಂತ್ರ ಆ ಕಲ್ಲೇ ಬೆವರತಿತ್ತು ಅಂತಾರ ಕೆಲವರು. ನಾ ನಂಬಂಗಿಲ್ಲ ಬಿಡ್ರಿ, ಬೆವತಾವ ಪರ್ವತಪ್ಪ.

ಕೂಸನ್ನ ಯಮನಪ್ಪನ ಹೆಂಡತಿ ಎತಗೊಂಡು ಅಂಗಾಲು ತಿಕ್ಕಿ, ಬೆನ್ನು ತಟ್ಟಿ, ಮಲಗಾಕ ಬಿಡಲೇ ಇಲ್ಲ. ಹೊತ್ತು ಮುಳುಗೂದ್ರಾಗ ಅದು ಚಿಟ್ಟನ ಚೀರಿ ಅಳ್ತು. ಆ ಅಳು ಕೇಳಿ ಓಣಿ ಹೆಣ್ಣಮಕ್ಕಳೆಲ್ಲಾ ಅತ್ರಂತ.

ಆಮ್ಯಾಲೆ ಯಮನಪ್ಪ ಊರೂರು ತಿರುಗಿದ, ತಾನು ಹೊರಗ ಹಾಕಿಸಿದವರನ್ನ ಹುಡುಕಿ ತಂದ. ನಡುಕ ಹತ್ತಿದವರನ್ನ ಪಡಸಾಲ್ಯಾಗ ಮಲಗಿಸಿ, ಅಂಬಲಿ ಕುಡಿಸಿ, ಗುಳಿಗಿ ಬಿಡಿಸಿದ. ಎಲ್ಲಾರೂ ಸಿಗಲಿಲ್ಲ. ಸಿಗದವರ ಮನಿ ಮುಂದ ಹಾದಾಗೆಲ್ಲಾ ಅಂವ ತಲಿ ಬಗ್ಗಿಸಿ ನಡೀತಿದ್ದನಂತ.

ಈಗೂ ನೂಲಗುಂದಿಯಾಗ ಆ ಕಲ್ಲಿನ ಮುಂದ ಹಾಯೂ ಗಂಡಸರು ರುಮಾಲು ತಗೀತಾರ. ಯಾರನ್ನರ ಹಿಡಕೊಂಡು ಬಂದ್ರ ಲಗೂನ ಕಲ್ಲು ಹತ್ತೂದಿಲ್ಲ. ಮೊದಲ ಅವರ ಎದುರಿಗೆ ನೆಲಕ್ಕ ಕುಂತು, ಇದನ್ನ ನಿನಗ ಕೊಟ್ಟವರು ಯಾರಪಾ ಅಂತ ಕೇಳತಾರ.